ನಮ್ಮ ಜಿಟಿಒ ರಸ್ತೆಗಿಳಿಯಿತು, ಕೈಜೋಡಿಸಿದವರಿಗೆಲ್ಲ ವಂದನೆ

ನಮ್ಮ ಗ್ಯಾರೇಜಿನಲ್ಲಿ ಇಷ್ಟು ಕಾಲ ಬಿಡಿಬಿಡಿಯಾಗಿ ಬಿದ್ದಿದ್ದ 1967ರ ಪಾಂಟಿಯಾಕ್ ಜಿಟಿಒ ಕಳೆದ ಭಾನುವಾರ ವುಡ್‌ವರ್ಡ್ ಅವೆನ್ಯೂ ಮೇಲೆ ಓಡಿತು. ಡೆಟ್ರಾಯಿಟ್‌ನಿಂದ ಪಾಂಟಿಯಾಕ್ ನಗರಕ್ಕೆ ಹೋಗುವ ಈ ರಸ್ತೆಯಲ್ಲೇ ಅರುವತ್ತರ ದಶಕದ ಹುಡುಗರು ಸಿಗ್ನಲ್‌ನಿಂದ ಸಿಗ್ನಲ್‌ಗೆ ಇಂಥ ಕಾರುಗಳಲ್ಲಿ ಪಂದ್ಯ ಕಟ್ಟುತ್ತಿದ್ದರು. ಕಾಗದಪತ್ರದಲ್ಲಿ ಕಾರು ನನ್ನ ಹೆಸರಿನಲ್ಲಿದೆ. ಆದರೆ ಅದನ್ನು ಎಬ್ಬಿಸಿ ನಿಲ್ಲಿಸಿದವರು ಯಾರೆಂದು ಹೇಳದೆ ಬರಿಯ ಫೋಟೋ ಹಂಚಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಮೊದಲ ನಮಸ್ಕಾರ ಪಕ್ಕದ ಮನೆಯ ಹಿರಿಯರಿಗೆ. ಯೌವನದಲ್ಲಿ ಅವರು ಪಾಂಟಿಯಾಕ್ ನಗರದ ಕಾರ್ಖಾನೆಯಲ್ಲಿ ಈ ಕಾರುಗಳನ್ನೇ ಜೋಡಿಸುತ್ತಿದ್ದವರು. ಅವರಿಗೆ ಕನ್ನಡ ಬಾರದು, ಇದನ್ನು ನಾನೇ ಕೂತು ಸಾಲುಸಾಲಾಗಿ ವಿವರಿಸಲಿದ್ದೇನೆ. ಪಾಂಟಿಯಾಕ್ ಕಂಪನಿಯ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಜೊತೆಯ ಎಂಜಿನಿಯರ್‌ಗಳು ದೊಡ್ಡ ಕಾರಿನ 389 ಘನ ಅಂಗುಲದ ಎಂಜಿನನ್ನು ಮಧ್ಯಮ ಗಾತ್ರದ ಟೆಂಪೆಸ್ಟ್‌ನೊಳಗೆ ಕೂರಿಸಿ, 1964ರ ಮಾದರಿಯಲ್ಲಿ ಜಿಟಿಒ ಎಂದು ಹೊರತಂದ ಕಥೆ ಪುಸ್ತಕಗಳಲ್ಲಿ ಸಿಗುತ್ತದೆ. ಚಾಸಿಸ್‌ಗೂ ಬಾಡಿಗೂ ನಡುವೆ ಅಲ್ಲಲ್ಲಿ ಕೊಟ್ಟಿರುವ ತೆಳು ಬಿಲ್ಲೆಗಳ ಕಥೆಯನ್ನು ನಾನು ಕೇಳಿದ್ದು ಇವರ ಬಾಯಿಂದ. ಒಂದು ಕಾರಿಗೆ ಇದ್ದಷ್ಟು ಬಿಲ್ಲೆ ಇನ್ನೊಂದಕ್ಕೆ ಇರುವುದಿಲ್ಲ. ಬಾಗಿಲಿನ ಸಂದು ನೋಡಿ ನೋಡಿ ಕೈಯಿಂದಲೇ ಹೊಂದಿಸುತ್ತಿದ್ದರಂತೆ. ಒಂದು ಬೋಲ್ಟನ್ನೂ ಸಡಿಲಿಸುವ ಮುನ್ನ ಯಾವ ಜಾಗದಲ್ಲಿ ಎಷ್ಟು ದಪ್ಪವಿದೆ ಎಂದು ಅವರು ಬರೆಸಿದರು. ಬಾಡಿ ಮತ್ತೆ ಕೂತಾಗ ಬಾಗಿಲುಗಳು ಒಂದೇ ಕೈಯಲ್ಲಿ ಮುಚ್ಚಿಕೊಂಡವು. ಪಾಂಟಿಯಾಕ್ ಎಂಬ ಬ್ರ್ಯಾಂಡೇ 2010ಕ್ಕೆ ಮುಗಿದುಹೋಯಿತು. ಅಲ್ಲಿ ದುಡಿದವರ ಕೈಯ ತಿಳಿವಳಿಕೆ ಇನ್ನೂ ನಮ್ಮ ಬೇಲಿಯಾಚೆ ಇದ್ದದ್ದು ನನ್ನ ಪುಣ್ಯ. ಆಗಸ್ಟ್ ಮೂರನೆಯ ಶನಿವಾರ ವುಡ್‌ವರ್ಡ್ ಮೇಲೆ ನಡೆಯುವ ಹಳೆಯ ಕಾರುಗಳ ಮೆರವಣಿಗೆ ಡ್ರೀಮ್ ಕ್ರೂಸ್‌ನಲ್ಲಿ ಕಾರನ್ನು ಅವರೇ ಓಡಿಸಬೇಕು, ಮಾತು ಕೊಟ್ಟಿದ್ದಾರೆ.

ಇನ್ನು ನನ್ನ ಚಿಕ್ಕಪ್ಪ. ದಾವಣಗೆರೆಯಲ್ಲಿ ಜೀವಮಾನವೆಲ್ಲ ಲಾರಿ, ಅಂಬಾಸಿಡರ್‌ಗಳ ಟಿಂಕರಿಂಗ್ ಮಾಡಿದವರು. ಮಿಶಿಗನ್‌ನಲ್ಲಿ ಚಳಿಗಾಲದ ಹಿಮ ಕರಗಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಳೆಯ ಕಾರುಗಳನ್ನು ತಿನ್ನುವುದು ಅದೇ. ನಮ್ಮ ಕಾರಿನ ಡಿಕ್ಕಿಯ ತಳ, ಹಿಂದಿನ ಗಾಜಿನ ಕೆಳಗಿನ ಅಂಚು, ಚಕ್ರದ ಮೇಲಿನ ತಗಡು ಎಲ್ಲವೂ ತುಕ್ಕು ಹಿಡಿದು ಬೆರಳು ತಾಗಿದರೆ ಉದುರುತ್ತಿದ್ದವು. ತುಂಡು ಕತ್ತರಿಸಿ ಹೊಸ ತಗಡು ಬೆಸೆಯುವುದನ್ನು ತರಗತಿಗೆ ಹೋಗಿ ಕಲಿತೆ. ಬೆಸೆದ ಮೇಲೆ ಉಬ್ಬುವ ತಗಡನ್ನು ಸಮ ಮಾಡುವುದನ್ನು ಕಲಿಸಿದವರು ಚಿಕ್ಕಪ್ಪ, ವಿಡಿಯೋ ಕರೆಯಲ್ಲಿ. ಇಲ್ಲಿ ರಾತ್ರಿ, ಅಲ್ಲಿ ಬೆಳಗ್ಗೆ. ಉಬ್ಬಿದ ಬಿಂದುವನ್ನು ಕೆಂಪಗೆ ಕಾಯಿಸಿ, ಸುತ್ತಲೂ ತಟ್ಟಿ, ತಕ್ಷಣ ಒದ್ದೆ ಬಟ್ಟೆ ಒತ್ತಿದರೆ ಹಿಗ್ಗಿದ ತಗಡು ಕುಗ್ಗುತ್ತದೆ. "ಇದು ಹೊಡೆಯುವ ಕೆಲಸವಲ್ಲಮ್ಮ, ತಟ್ಟುವ ಕೆಲಸ. ಸದ್ದು ಕೇಳಿಸಿಕೋ" ಎನ್ನುತ್ತಿದ್ದರು. ಮೊಬೈಲ್‌ನಲ್ಲಿ ಬರುವ ಸದ್ದಿನಿಂದಲೇ ಸುತ್ತಿಗೆಯ ಹಿಂದೆ ತಗಡಿನಡಿ ಆನಿಸಿ ಹಿಡಿಯುವ ಕಬ್ಬಿಣದ ಗಟ್ಟಿ, ಅಂದರೆ ಡಾಲಿ, ಸರಿಯಾಗಿ ಕೂತಿಲ್ಲವೆಂದು ಹಿಡಿಯುತ್ತಿದ್ದರು! ಛಾವಣಿಯ ಬೆಸುಗೆಯಲ್ಲಿ ಕಾರ್ಖಾನೆಯವರು ಸೀಸ ತುಂಬಿರುತ್ತಾರೆ, ಅದನ್ನು ಗ್ರೈಂಡರ್‌ನಿಂದ ಉಜ್ಜಿ ಪುಡಿ ಎಬ್ಬಿಸಬೇಡ ಎಂದು ಎಚ್ಚರಿಸಿದವರೂ ಅವರೇ. ಚಿಕ್ಕಪ್ಪ, ಆ ಬಾಡಿಯ ಮೇಲೆ ಬೆಳಕು ಈಗ ಎಲ್ಲೂ ಮುರಿಯದೆ ಹರಿಯುತ್ತದೆ. ನಿಮ್ಮ ಪಾದಕ್ಕೆ ನಮಸ್ಕಾರ.

ಎಂಜಿನ್ ಕೆಲಸ ಮಾಡಿಕೊಟ್ಟ ಲೇತ್ ಅಂಗಡಿಯ ತಾಯಿ ಮತ್ತು ಮಗನಿಗೂ ಋಣಿ. 400 ಘನ ಅಂಗುಲ, ಅಂದರೆ ಸುಮಾರು 6.6 ಲೀಟರಿನ ಎಂಜಿನ್ ಅದು. ಮೂಲ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ) ಇಂದಿನ ಬಂಕಿನ ಪೆಟ್ರೋಲಿಗೆ ಹೆಚ್ಚಾಗುತ್ತದೆಂದು ತಲೆಯಲ್ಲಿ ತಗ್ಗಿರುವ ಪಿಸ್ಟನ್ ಹಾಕಿಸಿದರು. ಸೀಸವಿಲ್ಲದ ಪೆಟ್ರೋಲನ್ನು ತಾಳುವಂತೆ ವಾಲ್ವ್ ಸೀಟುಗಳನ್ನೂ ಬದಲಿಸಿದರು. ಮೊದಲ ಬಾರಿ ಸ್ಟಾರ್ಟ್ ಮಾಡುವ ದಿನ ಅಂಗಡಿ ಮುಚ್ಚಿ ಇಬ್ಬರೂ ಮನೆಗೇ ಬಂದರು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತೆಗೆದು, ಆ ಜಾಗದಲ್ಲಿ ಡ್ರಿಲ್ಲನ್ನು ಹಿಮ್ಮುಖವಾಗಿ ತಿರುಗಿಸಿ ಆಯಿಲ್ ಪಂಪು ಓಡಿಸಿ, ವಾಲ್ವುಗಳನ್ನು ಒತ್ತುವ ಎಲ್ಲ ರಾಕರ್‌ಗಳಿಗೂ ಎಣ್ಣೆ ಏರಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಕೀಲಿಕೈ ನನಗೆ ಕೊಟ್ಟರು. ವಾಲ್ವುಗಳನ್ನು ತೆರೆಸುವ ದಂಡವಾದ ಹೊಸ ಕ್ಯಾಮ್‌ಶಾಫ್ಟ್ ಪಳಗಬೇಕಾದರೆ ಎಂಜಿನನ್ನು ಹೊತ್ತಿದ ಕ್ಷಣದಿಂದಲೇ ನಿಮಿಷಕ್ಕೆ 2,000 ಸುತ್ತಿಗೂ ಮೇಲೆ ಇಪ್ಪತ್ತು ನಿಮಿಷ ಓಡಿಸಬೇಕು, ನಿಧಾನಗತಿಗೆ ಬಿಡಬಾರದು. ಆ ಗರ್ಜನೆಯನ್ನು ಸಹಿಸಿಕೊಂಡ ನಮ್ಮ ಬೀದಿಯವರಿಗೆ, ದೂರು ಕೊಡುವ ಬದಲು ಕುರ್ಚಿ ಹಾಕಿಕೊಂಡು ಕೂತು ಕೇಳಿದ ಎದುರುಮನೆಯ ಅಜ್ಜಿಗೆ, ವಿಶೇಷ ವಂದನೆ.

ರಾಜ್ಯೋತ್ಸವದ ನಾಟಕದ ತಾಲೀಮು ಮುಗಿಸಿ ನೇರವಾಗಿ ಬಂದು ಬಾಡಿ ಎತ್ತಿಕೊಟ್ಟ ಗೆಳೆಯರಿಗೆ, ಸೀಟು ಹೊಲಿದವರಿಗೆ, ವೈರಿಂಗ್‌ನ ಬಣ್ಣ ಓದಿ ಹೇಳಿದ ಮಗಳಿಗೆ ಧನ್ಯವಾದ. ಗ್ಯಾರೇಜು ಜಿಟಿಒ ಪಾಲಾದ್ದರಿಂದ ಮನೆಯ ಎರಡೂ ಕಾರುಗಳು ಚಳಿಗಾಲವಿಡೀ ಹೊರಗೆ ನಿಂತವು. ಬೆಳಗ್ಗೆ ಎದ್ದು ಎರಡರ ಗಾಜಿನ ಮೇಲಿನ ಹಿಮವನ್ನೂ ಕೆರೆದು, ನನ್ನದನ್ನು ಬೆಚ್ಚಗೆ ಮಾಡಿಟ್ಟು ಕಚೇರಿಗೆ ಹೋಗುತ್ತಿದ್ದ ನನ್ನ ಯಜಮಾನರಿಗೆ ಏನೆಂದು ಹೇಳಲಿ? ಮುಂದಿನ ಚಳಿಗಾಲಕ್ಕೆ ನಿಮ್ಮ ಕಾರು ಒಳಗೆ ನಿಲ್ಲುತ್ತದೆ.

ವೆಲ್ಡಿಂಗ್ ಯಂತ್ರ, ಎಂಜಿನ್ ಎತ್ತುವ ಕ್ರೇನು, ಚಿಕ್ಕಪ್ಪ ಊರಿನಿಂದ ಕಳುಹಿಸಿದ ಸುತ್ತಿಗೆಗಳು ಈಗ ಬಿಡುವಾಗಿವೆ. ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಯಾರಾದರೂ ಹಳೆಯ ಕಾರಿಗೆ ಕೈ ಹಾಕಿದ್ದರೆ ಸಂಕೋಚವಿಲ್ಲದೆ ಕೇಳಿ. ಸಾಮಾನಿನ ಜೊತೆ ನಾನೂ ಬರುತ್ತೇನೆ.