ಪಿಸುಮಾತಿಗಿಂತ ಮೆಲ್ಲಗೆ ಎಂದು ಮಾರಿದ ಹ್ಯೂಮಿಡಿಫೈಯರ್ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ವಾರಂಟಿಯಲ್ಲಿರುವ, ರೂಮಿನ ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್‌ನ ಸದ್ದು, ನಡುಕ ಮತ್ತು ನನ್ನ ಒಪ್ಪಿಗೆಯಿಲ್ಲದೆ ಮುಚ್ಚಿಹಾಕಿದ ದೂರು.

ಮಾನ್ಯರೇ,

ಫೋನಿನಲ್ಲಿ ಮರ್ಯಾದೆಯಾಗಿ ಹೇಳಿ ಸಾಕಾಗಿದೆ. ನಿನ್ನೆ ನಿಮ್ಮಿಂದ ಮೆಸೇಜ್ ಬಂತು: ನನ್ನ ದೂರು ಯಶಸ್ವಿಯಾಗಿ ಬಗೆಹರಿದಿದೆಯಂತೆ, ಐದು ಸ್ಟಾರ್ ಕೊಡಬೇಕಂತೆ. ಅದನ್ನು ಓದಿದ ಮೇಲೆ ಈ ಪತ್ರ ಬರೆಯಲು ಕೂತೆ. ವಾರಂಟಿ ಕಾರ್ಡಿನ ಷರತ್ತುಗಳನ್ನು ಇಲ್ಲಿ ನಕಲು ಮಾಡುವುದಿಲ್ಲ. ಬರೆದವರು ನೀವೇ, ನಿಮಗೆ ಬಾಯಿಪಾಠ ಇರುತ್ತದೆ ಅಂದುಕೊಂಡಿದ್ದೇನೆ.

ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿನ ಗಾಳಿ ಎಷ್ಟು ಒಣಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ಜಾಹೀರಾತು ಬರುವುದೇ ಆವಾಗ. ನಮ್ಮಮ್ಮನಿಗೆ 84 ವರ್ಷ. ಮೂಗು ಒಣಗಿ ರಕ್ತ ಬರುತ್ತಿತ್ತು. ರೂಮಿನಲ್ಲಿ ಸ್ವಲ್ಪ ತೇವ ಇರಲಿ ಅಂದರು ಇಎನ್‌ಟಿ ಡಾಕ್ಟರು. ಡಬ್ಬದ ಮೇಲೆ ಚಂದ್ರ, ಮಲಗಿದ ಮಗು, ಕೆಳಗೆ ದಪ್ಪಕ್ಷರದಲ್ಲಿ ‘26 ಡೆಸಿಬೆಲ್, ಪಿಸುಮಾತಿಗಿಂತ ಮೆಲ್ಲಗೆ’ ಅಂತ ಇತ್ತು. ನಂಬಿ 4,799 ರೂಪಾಯಿ ಕೊಟ್ಟು ತಂದೆ.

ಎಷ್ಟು ದೂರದಿಂದ ಅಳೆದರೆ 26, ಯಾವ ಸ್ಪೀಡಿನಲ್ಲಿ 26 ಅಂತ ಡಬ್ಬದ ಮೇಲೆ ಎಲ್ಲೂ ಇಲ್ಲ. ಬಯಲಿನಲ್ಲಿ ದೂರ ದುಪ್ಪಟ್ಟಾದ ಹಾಗೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆ ಲೆಕ್ಕದಲ್ಲಿ ಪಕ್ಕದ ಬೀದಿಯಲ್ಲಿ ನಿಂತು ಅಳೆದರೆ ನಮ್ಮನೆ ಮಿಕ್ಸಿಯೂ ಪಿಸುಮಾತಾಡುತ್ತದೆ.

ಅಮ್ಮನ ಮಂಚದ ಪಕ್ಕ ಒಂದು ಟೀಪಾಯಿ. ಅದರ ಮೇಲೆ ಮಾತ್ರೆ ಡಬ್ಬಿ, ಮುಚ್ಚಳ ಹಾಕಿದ ಸ್ಟೀಲ್ ಚೊಂಬು. ನಿಮ್ಮ ಯಂತ್ರವನ್ನು ಅಲ್ಲಿಟ್ಟು ಆನ್ ಮಾಡಿದರೆ ಮೊದಲು ಗುಂಯ್ ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ಚೊಂಬಿನ ಮುಚ್ಚಳ ಕಿಣಿಕಿಣಿ ಅನ್ನಲು ಶುರು. ಬೆಳಿಗ್ಗೆ ನೋಡಿದರೆ ಯಂತ್ರ ಟೀಪಾಯಿಯ ಅಂಚಿನ ಕಡೆ ಸರಿದಿರುತ್ತದೆ. ಮೊಬೈಲಿನಲ್ಲಿ ಅಳೆದೆ. ಮೊಬೈಲ್ ಆ್ಯಪ್ ಕರಾರುವಾಕ್ ಅಲ್ಲ, ಒಪ್ಪುತ್ತೇನೆ. ಆದರೆ ಅದೇ ಮೊಬೈಲ್, ಅದೇ ದಿಂಬು, ಅದೇ ರಾತ್ರಿ: ಆಫ್ ಇದ್ದಾಗ 30, ಆನ್ ಮಾಡಿದಾಗ 46. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಅದು ಬೀದಿಗೆ ಬರೆದ ನಿಯಮ, ಮನೆಯೊಳಗಿನ ಯಂತ್ರಕ್ಕಲ್ಲ ಅಂತ ನನಗೂ ಗೊತ್ತು. ಸುಮ್ನೆ ನಿಮ್ಮ ಗಮನಕ್ಕೆ ತಂದೆ.

ನಿಮ್ಮ ಕಾಲ್ ಸೆಂಟರಿನವರು ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಕೆಳಗೆ ರಬ್ಬರ್ ಮ್ಯಾಟ್ ಹಾಕಿದೆ. ಗೋಡೆಯಿಂದ ದೂರ ಇಟ್ಟೆ. ಬೋರ್‌ವೆಲ್ ನೀರು ಹಾಕಿಲ್ಲ, ಫಿಲ್ಟರ್ ನೀರೇ ಹಾಕುವುದು. ವಾರಕ್ಕೊಂದು ಸಲ ವಿನೆಗರ್ ಹಾಕಿ ತೊಳೆಯುತ್ತೇವೆ. ಟ್ಯಾಂಕಿನಿಂದ ನೀರಿಳಿಯುವಾಗ ಬರುವ ಗುಳುಗುಳು ಸದ್ದಿನ ಬಗ್ಗೆ ನನ್ನ ತಕರಾರಿಲ್ಲ, ಅದು ಇರುವಂಥದ್ದೇ. ಮಂಜು ಮಾಡುವ ಆ ಪುಟ್ಟ ಬಿಲ್ಲೆಯೂ ಕಾರಣ ಅಲ್ಲ. ಅಲ್ಟ್ರಾಸಾನಿಕ್ ಯಂತ್ರಗಳಲ್ಲಿ ಅದು ಸೆಕೆಂಡಿಗೆ ಸುಮಾರು 17 ಲಕ್ಷ ಸಲ ಅದುರುತ್ತದೆ. ಮನುಷ್ಯರ ಕಿವಿಗೆ ಕೇಳಿಸುವುದು ಹೆಚ್ಚೆಂದರೆ 20 ಸಾವಿರದವರೆಗೆ. ಉಳಿದದ್ದು ಮಂಜನ್ನು ಮೇಲಕ್ಕೆ ತಳ್ಳುವ ಫ್ಯಾನ್. ಸ್ವಿಚ್ ಆಫ್ ಮಾಡಿ, ಅಡಿಯ ಜಾಲರಿಗೆ ಟಾರ್ಚ್ ಬಿಟ್ಟು ನೋಡಿ. ನಿಲ್ಲುವ ಮುಂಚೆ ಫ್ಯಾನ್ ಓಲಾಡುವುದು ಬರಿಗಣ್ಣಿಗೆ ಕಾಣುತ್ತದೆ. ಆ ನಡುಕ ತೆಳು ಪ್ಲಾಸ್ಟಿಕ್ಕಿಗೆ ಇಳಿದು, ಅಲ್ಲಿಂದ ಟೀಪಾಯಿಗೆ ಇಳಿದು, ಟೀಪಾಯಿ ವೀಣೆಯ ಬುರುಡೆಯ ಹಾಗೆ ಅದನ್ನು ದೊಡ್ಡದು ಮಾಡುತ್ತದೆ. ಮನೆಗೆ ಬಂದ ನಿಮ್ಮ ಟೆಕ್ನಿಷಿಯನ್ ಕೂಡ ಒಪ್ಪಿದರು. “ಫ್ಯಾನ್ ಬದಲಾಯಿಸಿದರೆ ಸರಿಹೋಗುತ್ತೆ ಸರ್. ಆದ್ರೆ ಇದಕ್ಕೆ ಸ್ಪೇರ್ ಬರಲ್ಲ, ಸೆಂಟರಿಗೆ ತಗೊಂಡ್ಹೋಗಿ” ಅಂದರು. ವಿಸಿಟ್ ಚಾರ್ಜ್ ಇಸ್ಕೊಂಡು ಹೋದರು. ವಾರಂಟಿಯಲ್ಲಿ ವಿಸಿಟ್ ಚಾರ್ಜ್ ಇದೆಯಾ ಇಲ್ಲವಾ, ನಿಮ್ಮ ಕಾರ್ಡನ್ನು ನೀವೇ ಒಂದು ಸಲ ಓದಿಕೊಳ್ಳಿ.

ಸೆಂಟರಿನಲ್ಲಿ ನಡೆದದ್ದನ್ನು ವಿವರವಾಗಿಯೇ ಬರೆಯುತ್ತೇನೆ, ಕ್ಷಮಿಸಿ. ಕೌಂಟರಿನ ಹುಡುಗ ಯಂತ್ರವನ್ನು ದಪ್ಪ ಗ್ರಾನೈಟ್ ಕಟ್ಟೆಯ ಮೇಲಿಟ್ಟ. ಅವನ ತಲೆಯ ಮೇಲೆ ಟಿವಿ, ಅದರಲ್ಲಿ ಕ್ರಿಕೆಟ್. ಒಳಗೆ ಯಾರದೋ ಮಿಕ್ಸಿ ಟೆಸ್ಟಿಂಗ್. ಸ್ವಿಚ್ ಹಾಕಿ, “ಎಲ್ಲಿ ಅಂಕಲ್ ಸೌಂಡು?” ಅಂದ.

“ಈ ಗಲಾಟೆಯಲ್ಲಿ ಕೇಳಿಸಲ್ಲಪ್ಪ, ರಾತ್ರಿ ಕೇಳಿಸುತ್ತೆ” ಅಂದೆ.

“ರಾತ್ರಿಗೆ ಬೇರೆ ಸೌಂಡ್ ಮಾಡುತ್ತಾ?” ಅಂದ. ಹಿಂದೆ ನಿಂತಿದ್ದವರು ನಕ್ಕರು.

ಟಿವಿ ಮ್ಯೂಟ್ ಮಾಡು ಅಂದೆ. ರಿಮೋಟ್ ಮ್ಯಾನೇಜರ್ ಹತ್ತಿರ ಇದೆಯಂತೆ, ಮ್ಯಾನೇಜರ್ ಊಟಕ್ಕೆ ಹೋಗಿದ್ದಾರಂತೆ. ಹಾಗಾದರೆ ಬಗ್ಗಿ ಕಿವಿ ಇಟ್ಟು ಕೇಳು ಅಂದೆ. “ನೀವೇ ಕೇಳಿ ಹೇಳಿ ಅಂಕಲ್” ಅಂದ. ಸೊಂಟದ ಬೆಲ್ಟ್ ಹಾಕಿಕೊಂಡವನು ನಾನು. ಆದರೂ ಬಗ್ಗಿದೆ. ಮಂಜು ನೇರ ಕನ್ನಡಕಕ್ಕೆ ಹೊಡೆದು ಏನೂ ಕಾಣದಾಯಿತು. ನಾನು ಪಂಚೆಯ ತುದಿಯಲ್ಲಿ ಕನ್ನಡಕ ಒರೆಸುತ್ತಿದ್ದರೆ ಅವನು ಒಳಗೆ ತಿರುಗಿ “ಏನಾದ್ರೂ ಕೇಳಿಸ್ತಾ?” ಅಂತ ಕೂಗಿದ. ಮಿಕ್ಸಿಯ ಮುಂದೆ ಕೂತಿದ್ದವನು “ಏನು?” ಅಂದ. “ಸೌಂಡು, ಸೌಂಡು!” “ಏನೂ ಇಲ್ಲ!”

ಪರೀಕ್ಷೆ ಮುಗಿಯಿತು. ಜಾಬ್ ಶೀಟಿನಲ್ಲಿ ‘ದೋಷ ಕಂಡುಬಂದಿಲ್ಲ’ ಅಂತ ಬರೆದ. ಅಷ್ಟಕ್ಕೇ ಬಿಡಲಿಲ್ಲ. “ವಯಸ್ಸಾದ ಮೇಲೆ ಕಿವಿಯಲ್ಲಿ ಗುಂಯ್ ಅನ್ನೋದು ಕಾಮನ್ ಅಂಕಲ್, ಒಂದ್ಸಲ ಡಾಕ್ಟರಿಗೆ ತೋರಿಸಿ” ಅಂದ. ನನ್ನ ಕಿವಿಯ ಕಾಯಿಲೆಗೆ ಚೊಂಬಿನ ಮುಚ್ಚಳ ಯಾಕೆ ಅಲ್ಲಾಡುತ್ತೆ ಅಂತ ಕೇಳಿದೆ. ಉತ್ತರ ಬರಲಿಲ್ಲ. ಬಂದದ್ದು ಇದು: “ಮೊಬೈಲಿಗೆ ಹ್ಯಾಪಿ ಕೋಡ್ ಬಂದಿರುತ್ತೆ, ಹೇಳಿ.”

ನಾನು ಹ್ಯಾಪಿ ಆಗಿರಲಿಲ್ಲ, ಕೋಡ್ ಕೊಡಲಿಲ್ಲ. ಕೋಡ್ ಇಲ್ಲದೆ ದೂರು ಮುಚ್ಚುವಂತಿಲ್ಲ ಅನ್ನುವುದು ನಿಮ್ಮದೇ ನಿಯಮ, ಕೋಡ್ ಬಂದ ಮೆಸೇಜಿನಲ್ಲೇ ಬರೆದಿದೆ. ಹಾಗಿದ್ದರೂ ದೂರು ಮುಚ್ಚಿದೆ. ನನ್ನ ಪರವಾಗಿ ಹ್ಯಾಪಿ ಆದವರು ಯಾರು ಅಂತ ಬರಹದಲ್ಲಿ ತಿಳಿಸಿ.

ಬೇರೆ ಯಂತ್ರ ಕೊಡಿ, ಇಲ್ಲ ಅಂದರೆ ದುಡ್ಡು ವಾಪಸ್ ಕೊಡಿ. ಅಷ್ಟೇ. ನಿಜ ಹೇಳಬೇಕೆಂದರೆ, ನೀವು ಕೊಡದಿದ್ದರೆ ನನಗೆ ಇನ್ನೂ ಖುಷಿ. ನಾನು ಬ್ಯಾಂಕಿನಿಂದ ರಿಟೈರ್ ಆದವನು, ಬೇಕಾದಷ್ಟು ಟೈಮ್ ಇದೆ, ಒಂದೊಂದು ಚೀಟಿಯನ್ನೂ ಫೈಲ್ ಮಾಡಿಟ್ಟಿದ್ದೇನೆ. 15 ದಿನ ನೋಡುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್. ಅಲ್ಲಿಂದ ಶಾಂತಿನಗರದ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದೊಳಗಿನ ಖರೀದಿಗೆ ಅಲ್ಲಿ ಶುಲ್ಕವೇ ಇಲ್ಲ, ವಕೀಲರೂ ಬೇಕಿಲ್ಲ. ಡಬ್ಬದ ಮೇಲಿನ ಆ 26ರ ಫೋಟೋ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಬೇರೆಯಾಗಿ ಹೋಗುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ ಅವರು 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಆಯೋಗವೇ ಯಂತ್ರವನ್ನು ಲ್ಯಾಬಿಗೆ ಕಳಿಸಬಹುದು. ಅದರ ಖರ್ಚು ಮೊದಲು ನಾನೇ ಕಟ್ಟಬೇಕು. ಸಂತೋಷವಾಗಿ ಕಟ್ಟುತ್ತೇನೆ. ಆ ಲ್ಯಾಬಿನಲ್ಲಿ ಟಿವಿ ಇರಲಿಕ್ಕಿಲ್ಲ.

ಇತಿ,
ನಿಮ್ಮ ದಾಖಲೆಯ ಪ್ರಕಾರ ತೃಪ್ತನಾದ ಗ್ರಾಹಕ,
ಬೆಂಗಳೂರು

ಲಗತ್ತು: ಬಿಲ್, ವಾರಂಟಿ ಕಾರ್ಡ್, ಜಾಬ್ ಶೀಟ್ ಮತ್ತು ಚೊಂಬಿನ ಮುಚ್ಚಳದ ವಿಡಿಯೋ. ವಿಡಿಯೋವನ್ನು ದಯವಿಟ್ಟು ಸೌಂಡ್ ಇಟ್ಟುಕೊಂಡು ನೋಡಿ.