ಪುಟ ಎಷ್ಟು ಅಂತ ಕೇಳಿದರೂ ದೇಶದ ಭದ್ರತೆಯೇ?

ಮಾನ್ಯ ಸಂಪಾದಕರೇ,

ಮಾಹಿತಿ ಹಕ್ಕಿನ ಅರ್ಜಿಗೆ ದೇಶದ ಭದ್ರತೆಯ ಹೆಸರಿನಲ್ಲಿ ‘ಕೊಡಲಾಗದು’ ಎಂದು ದೆಹಲಿಯಿಂದ ಬಂದ ಒಂದೂವರೆ ಸಾಲಿನ ಉತ್ತರದ ಸುದ್ದಿ ನಿನ್ನೆ ನಿಮ್ಮ ತುಮಕೂರು ಪುಟದಲ್ಲಿದೆ. ಬಿ.ಎಚ್. ರಸ್ತೆಯ ಟೀ ಅಂಗಡಿಗಳಲ್ಲಿ ಅದನ್ನು ಓದಿ ನಕ್ಕವರೇ ಹೆಚ್ಚು. ಅರ್ಜಿದಾರರು ಗೂಢಚಾರರ ಹೆಸರು ಕೇಳಿರಲಿಲ್ಲ, ರಹಸ್ಯ ಕಾರ್ಯಾಚರಣೆಗೆಂದು ಇಟ್ಟ ಗುಪ್ತನಿಧಿಯ ಲೆಕ್ಕವನ್ನೂ ಕೇಳಿರಲಿಲ್ಲ. ಸೇನೆಯ ‘ಟೆಕ್ನಿಕಲ್ ಸಪೋರ್ಟ್ ಡಿವಿಷನ್’ ಎಂಬ ರಹಸ್ಯ ಘಟಕದ ಮೇಲೆ ನಡೆದ ವಿಚಾರಣೆಯ ವರದಿ ಎಷ್ಟು ಪುಟದ್ದು, ಅದರ ಮೇಲೆ ಏನು ಕ್ರಮವಾಯಿತು, ಇಷ್ಟೇ. ಪುಟದ ಸಂಖ್ಯೆ ತಿಳಿದರೆ ಶತ್ರು ದಂಡೆತ್ತಿ ಬರುತ್ತಾನೋ ಏನೋ.

2008ರ ಮುಂಬೈ ದಾಳಿಯ ನಂತರ ಕಟ್ಟಿದ ಘಟಕವದು. 2012ರಲ್ಲಿ ಸೇನಾ ಮುಖ್ಯಸ್ಥರು ಬದಲಾದ ಮೇಲೆ ಬಾಗಿಲು ಹಾಕಿತು. ಗುಪ್ತನಿಧಿ ದುರ್ಬಳಕೆಯ ಆರೋಪ ಬಂತು, ಸೇನೆಯೊಳಗೇ ವಿಚಾರಣೆ ನಡೆಯಿತು, 2013ರ ಸೆಪ್ಟೆಂಬರಿನಲ್ಲಿ ವರದಿಯ ಚೂರುಪಾರು ಪತ್ರಿಕೆಗೆ ಬಂತು. ಹಿಂದಿನ ಮುಖ್ಯಸ್ಥರು ಆರೋಪ ಅಲ್ಲಗಳೆದರು. ಅವರು ಹೇಳಿದ್ದೇ ಸರಿಯಿರಬಹುದು. ಅದನ್ನು ತಿಳಿಯಲಿಕ್ಕಾದರೂ ವರದಿ ಬೀರುವಿನಿಂದ ಹೊರಗೆ ಬರಬೇಕಲ್ಲ?

ದೇಶದ ಭದ್ರತೆಗೆ ಧಕ್ಕೆ ತರುವ ಮಾಹಿತಿ ಕೊಡಬೇಕಿಲ್ಲ ಎನ್ನುವ ಮಾಹಿತಿ ಹಕ್ಕು ಕಾಯ್ದೆಯ ಕಲಂ ‘8(1)(ಎ)’ ಎಂದಷ್ಟೇ ಗೀಚಿದರೆ ಉತ್ತರವಾಗುವುದಿಲ್ಲ ಸ್ವಾಮಿ. ನಿರಾಕರಿಸುವುದಾದರೆ ಕಾರಣ, ಮೇಲ್ಮನವಿಯ ಗಡುವು, ಮೇಲ್ಮನವಿ ಪ್ರಾಧಿಕಾರಿಯ ವಿವರ, ಮೂರನ್ನೂ ಬರೆಯಬೇಕೆಂದು ಕಲಂ 7(8) ಹೇಳುತ್ತದೆ. ನೀವು ಅಚ್ಚು ಹಾಕಿದ ಪ್ರತಿಯಲ್ಲಿ ಮೂರೂ ಇಲ್ಲ. ಗುಟ್ಟಿನ ಭಾಗ ತೆಗೆದು ಉಳಿದದ್ದು ಕೊಡಲು ಕಲಂ 10 ಇದೆ. ಸಾರ್ವಜನಿಕ ಹಿತ ದೊಡ್ಡದಾದರೆ 1923ರ ಅಧಿಕೃತ ರಹಸ್ಯ ಕಾಯ್ದೆಯೂ ಅಡ್ಡಬರದು ಎನ್ನುತ್ತದೆ 8(2). ಐಬಿ, ರಾದಂಥ ಗುಪ್ತಚರ ಸಂಸ್ಥೆಗಳಿಗೆ ಕಾಯ್ದೆಯಿಂದ ವಿನಾಯಿತಿ ಕೊಡುವ ಎರಡನೇ ಅನುಸೂಚಿಯಲ್ಲಿ ಭೂಸೇನೆ ಇಲ್ಲವೇ ಇಲ್ಲ. ಆ ಪಟ್ಟಿಯಲ್ಲಿದ್ದವರಿಗೂ ಭ್ರಷ್ಟಾಚಾರದ ಆರೋಪ ಬಂದಾಗ ವಿನಾಯಿತಿ ಸಿಗುವುದಿಲ್ಲ. ಇಷ್ಟು ಸಾಲದೆಂದು, ಕನ್ನಡದ ಅರ್ಜಿಗೆ ಹಿಂದಿಯಲ್ಲಿ ಉತ್ತರ! ಆಯಾ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಹಾಕುವ ಹಕ್ಕು ಕಲಂ 6(1)ರಲ್ಲಿದೆ. ಉತ್ತರ ಓದಿಸಿಕೊಳ್ಳಲು ಮಾತ್ರ ನಾವು ಪಕ್ಕದ ಮನೆಯ ಹೈಸ್ಕೂಲು ಹುಡುಗನ ಕಾಲು ಹಿಡಿಯಬೇಕು.

ಇದಕ್ಕೆ ಪಡುವ ಪಾಡನ್ನೂ ಕೇಳಿ. ಅರ್ಜಿಯ ಶುಲ್ಕಕ್ಕೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಕೇಳಿದರೆ ‘ಸ್ಟಾಕ್ ಇಲ್ಲ, ಸೋಮವಾರ ಬನ್ನಿ’. ಸೋಮವಾರ ಸರ್ವರ್ ಡೌನ್. ಸಿಕ್ಕಿದ ಮೇಲೆ ‘ಅಕೌಂಟ್ಸ್ ಆಫೀಸರ್’ ಹೆಸರಿಗೆ ಬರೆಯದೆ ಇಲಾಖೆಯ ಹೆಸರಿಗೆ ಬರೆದಿರೋ, ವಾಪಸ್. ಶುಲ್ಕಕ್ಕಿಂತ ಸ್ಪೀಡ್ ಪೋಸ್ಟಿನ ಖರ್ಚೇ ಜಾಸ್ತಿ. 30 ದಿನ ಕಾಯುವುದು, ಆಮೇಲೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಬಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ. ತಪ್ಪು ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡವಂತೆ. ಕಟ್ಟಿದವರನ್ನು ಯಾರಾದರೂ ನೋಡಿದ್ದರೆ ತಿಳಿಸಿ, ಹಾರ ಹಾಕೋಣ.

ದೆಹಲಿಯವರನ್ನು ಬೈದೇನು ಫಲ, ನಮ್ಮೂರಿನವರು ಕಲಿಸಿದ ವಿದ್ಯೆಯೇ ಇರಬೇಕು ಅದು. ಒಳಚರಂಡಿಯ ಎಸ್ಟಿಮೇಟ್ ಕೇಳಿದರೆ ‘ಕಡತ ಲಭ್ಯವಿಲ್ಲ’. ಅರ್ಜಿ 150 ಪದದ ಮಿತಿ ದಾಟಿದರೆ ಮಾತ್ರ ಒಂದೊಂದೇ ಪದ ಎಣಿಸುತ್ತಾರೆ. ಚರಂಡಿಯೂ ರಹಸ್ಯ ಕಾರ್ಯಾಚರಣೆಯೇ ಇರಬಹುದು, ಆರು ತಿಂಗಳಿಂದ ಅಗೆದವರು ಯಾರೆಂದು ಯಾರಿಗೂ ಗೊತ್ತಿಲ್ಲ.

ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಎದ್ದ ಜಿಲ್ಲೆ ನಮ್ಮದು. ರಕ್ಷಣೆಯ ಪಾಠ ನಮಗೆ ಬೇಡ. ಗುಪ್ತಚರರ ಮೇಲೆ ಕಣ್ಣಿಡಲು ಅಮೆರಿಕದ ಸೆನೆಟ್ 1976ರಲ್ಲೇ ಸಮಿತಿ ಮಾಡಿತು, ಬ್ರಿಟನ್ 1994ರಲ್ಲಿ ಕಾನೂನನ್ನೇ ತಂದಿತು. ನಮ್ಮಲ್ಲಿ ಇದಕ್ಕೆಂದೇ ಸಂಸದರೊಬ್ಬರ 2011ರ ಖಾಸಗಿ ಮಸೂದೆಯೊಂದು ಬಂದು ಹಾಗೇ ಮಲಗಿತು. ನಮ್ಮ ಸಂಸದರು ಇದನ್ನು ಸದನದಲ್ಲಿ ಕೇಳಲಿ. ವರದಿಯನ್ನು ಹೊರಗೆ ಹಾಕಲಿ, ಇಲ್ಲವೇ ಸಂಸತ್ತಿನ ಸಮಿತಿಯ ಮುಂದಾದರೂ ಇಡಲಿ. ಎರಡೂ ಆಗದಿದ್ದರೆ ಅಂಚೆ ಕಚೇರಿಗೆ ಪೋಸ್ಟಲ್ ಆರ್ಡರ್ ಆದರೂ ತರಿಸಲಿ, ನಾಚಿಕೆಗೇಡು.

– ಒಬ್ಬ ಓದುಗ, ತುಮಕೂರು