ಗುಂಯ್ ಅನ್ನುವ ಆ ಒಂದು ಸಾಲು

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ನಾಲ್ಕು ಪುಟ! ಅದರಲ್ಲಿ ಮೂರೂವರೆ ಪುಟ ಬರೀ ನಿನ್ನ ರೇಸ್ ಬೈಕಿನ ಸೈಲೆನ್ಸರ್ ವಿಷಯ. ತುದಿಗೆ ಹೋಗುತ್ತಾ ಅಗಲವಾಗುವ ಹೊಗೆ ಪೈಪ್, ಆ ಓಪನ್ ಮೆಗಾಫೋನೇ ಇರಲಾ, ತುದಿಯಲ್ಲಿ ಮತ್ತೆ ಕಿರಿದಾಗುವ ರಿವರ್ಸ್ ಕೋನ್ ಹಾಕಿಸಲಾ, ಇಲ್ಲ ಹಳೇ ಸೈಲೆನ್ಸರನ್ನೇ ರಿಪೇರಿ ಮಾಡಿಸಲಾ, ಮೈಲ್ಡ್ ಸ್ಟೀಲಾ ಸ್ಟೇನ್‌ಲೆಸ್ಸಾ. ಎಲ್ಲ ಓದಿದೆ. ಖುಷಿಯೂ ಆಯಿತು. ಆದರೆ ಮೂರನೇ ಪುಟದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ತುರುಕಿದ್ದೀಯಲ್ಲ, "ಓಡಿಸಿದ ದಿನ ರಾತ್ರಿ ಕಿವಿಯಲ್ಲಿ ಗುಂಯ್ ಅನ್ನುತ್ತೆ ಮಾವ, ಬೆಳಿಗ್ಗೆ ಹೊತ್ತಿಗೆ ಹೋಗಿರುತ್ತೆ, ಮಾಮೂಲಿ ತಾನೇ?" ಅಂತ, ಅದನ್ನು ಓದಿದ ಮೇಲೆ ಉಳಿದದ್ದು ತಲೆಗೆ ಹತ್ತಲಿಲ್ಲ. ಮತ್ತೆ ಮೊದಲಿಂದ ಓದಬೇಕಾಯಿತು.

ಮಾಮೂಲಿ ಅಲ್ಲ ಪುಟ್ಟಿ. ನಾನೂ ಮಾಮೂಲಿ ಅಂತಲೇ ಅಂದುಕೊಂಡಿದ್ದೆ.

ನನ್ನ ಹಳೇ ಬಿಎಸ್‌ಎ ಬೈಕ್ ಗೋಲ್ಡ್ ಸ್ಟಾರ್ ನಿನ್ನ ಕೈಗೆ ಹೇಗೆ ಬಂತು, ಅದಕ್ಕೂ ಮೊದಲು ಅದು ನನ್ನನ್ನು ಎಷ್ಟು ಸಲ ಕೆಡವಿತು, ಅದೆಲ್ಲ ಇಲ್ಲಿ ಬೇಡ. ನೀನು ಕೇಳಿ ಕೇಳಿ ಸಾಕಾಗಿರುತ್ತದೆ. ಕೇಳಿದ್ದಕ್ಕೆ ಉತ್ತರ ಬರೆಯಲು ಕೂತಿದ್ದೇನೆ. ದಾರಿ ತಪ್ಪಿದರೆ ಬೈಕೋಬೇಡ.

ಓಪನ್ ಮೆಗಾಫೋನ್ ಯಾಕೆ ಅಷ್ಟು ಎಳೆಯುತ್ತದೆ ಅಂತ ಕೇಳಿದ್ದೀಯ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದ ಕೂಡಲೇ ಪೈಪಿನಲ್ಲಿ ಒತ್ತಡದ ಒಂದು ಅಲೆ ಹೊರಡುತ್ತದೆ. ಬಿಸಿ ಹೊಗೆಯಲ್ಲಿ ಅದು ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. ಪೈಪಿನ ಬಾಯಿ ಮುಟ್ಟಿದ ಮೇಲೆ ಅದೇ ಅಲೆ ತಿರುಗಿ, ಹೀರುವ ಅಲೆಯಾಗಿ ವಾಪಸ್ ಬರುತ್ತದೆ. ಗಾಳಿ ಒಳಗೆ ಬಿಡುವ ವಾಲ್ವೂ ಈ ಎಕ್ಸಾಸ್ಟ್ ವಾಲ್ವೂ ಎರಡೂ ಅರೆ ತೆರೆದಿರುವ ಆ ಗಳಿಗೆಗೆ ಸರಿಯಾಗಿ ಅದು ಬಂದು ಮುಟ್ಟಿದರೆ, ಹಳೇ ಹೊಗೆಯನ್ನು ಎಳೆದುಹಾಕಿ ಹೊಸ ಗಾಳಿಯನ್ನೂ ಒಳಗೆ ಎಳೆದುಕೊಳ್ಳುತ್ತದೆ. 7000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 7000 ಸುತ್ತು ತಿರುಗುವಾಗ, ಒಂದು ಸುತ್ತಿಗೆ 8.6 ಮಿಲಿಸೆಕೆಂಡ್ ಅಷ್ಟೇ. ಅಷ್ಟರೊಳಗೆ ಅಲೆ ಹೋಗಿ ಬರಬೇಕು. ಪೈಪಿನ ಉದ್ದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳುವುದು ಅದಕ್ಕೇ. ಬಾಯಿ ಅಗಲವಾಗುತ್ತಾ ಹೋಗುವ ಮೆಗಾಫೋನ್ ಆ ಹೀರುವಿಕೆಯನ್ನು ಜೋರು ಮಾಡುತ್ತದೆ. ನೀನು ಹೇಳುವ ಆ "ಒದ್ದು ಕಳಿಸಿದ ಹಾಗೆ" ಅನ್ನುವುದು ಇದೇ.

ಆದರೆ ಕೆಳಗಿನ ಆರ್‌ಪಿಎಂನಲ್ಲಿ ಲೆಕ್ಕ ಉಲ್ಟಾ. ಹೀರಬೇಕಾದ ಹೊತ್ತಿಗೆ ತಳ್ಳುವ ಅಲೆ ಬಂದು ನಿಲ್ಲುತ್ತದೆ. ಎಂಜಿನ್ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಗೊರಗೊರ ಅನ್ನುತ್ತದೆ, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್ ಬಾಯಿಂದ ಪೆಟ್ರೋಲ್ ಮಂಜು ಹೊರಗೆ ಉಗುಳುತ್ತದೆ. ರೇಸಿನವರು ಇದಕ್ಕೆ ಕಾಯಿಲೆಯ ಹೆಸರೇ ಇಟ್ಟಿದ್ದರು, ಮೆಗಾಫೋನೈಟಿಸ್ ಅಂತ. ನಿನ್ನ ಬೈಕಿಗೆ ಮೊದಲೇ ಉದ್ದದ ಫಸ್ಟ್ ಗೇರ್. ನಿಧಾನದ ತಿರುವಿನಿಂದ ಹೊರಗೆ ಬರುವಾಗ ಕ್ಲಚ್ ಜಾರಿಸಿ ಜಾರಿಸಿ ರೆವ್ ಏರಿಸಬೇಕು. ನಾನು ಎಷ್ಟು ಕ್ಲಚ್ ಪ್ಲೇಟ್ ಸುಟ್ಟೆನೋ ಲೆಕ್ಕವಿಲ್ಲ. ರಿವರ್ಸ್ ಕೋನ್ ಇದ್ದರೆ ಈ ಕಾಟ ಕಡಿಮೆ. ಹೀರುವ ಅಲೆಯ ಬೆನ್ನಿಗೇ ಸಣ್ಣ ತಳ್ಳು ಬರುತ್ತದೆ, ಶಕ್ತಿ ಒಂದೇ ಕಡೆ ಗುಡ್ಡೆ ಬೀಳದೆ ಸ್ವಲ್ಪ ಹರಡಿಕೊಳ್ಳುತ್ತದೆ. ಮೇಲ್ತುದಿಯಲ್ಲಿ ಒಂದಿಷ್ಟು ಹೋಗಬಹುದು. ಹೋಗಲಿ ಬಿಡು.

ಅಂದ ಹಾಗೆ, ಬೆಳಿಗ್ಗೆ ಎದ್ದಾಗ ಆ ಗುಂಯ್ ಪೂರ್ತಿ ಹೋಗಿರುತ್ತದಾ? ಅಥವಾ ಮನೆಯ ಸದ್ದು ಶುರುವಾಗಿ ಅದು ಮುಚ್ಚಿಹೋಗಿರುತ್ತದಾ? ಎರಡಕ್ಕೂ ವ್ಯತ್ಯಾಸ ಇದೆ. ನನಗೆ ಅದು ತಿಳಿಯುವ ಹೊತ್ತಿಗೆ ತಡವಾಗಿತ್ತು.

ನನ್ನ ಕಿವಿ ನಿನಗೆ ತಮಾಷೆ. ಮೊನ್ನೆ ಗೆಳೆಯನ ಬೈಕಿಗೆ ಆಯಿಲ್ ಹಾಕುತ್ತಿದ್ದೆ. ಅವನು "ಸಾಕು ಸಾಕು" ಅಂದ. ನನಗೆ ಕೇಳಿದ್ದು "ಹಾಕು ಹಾಕು". ಹಾಕಿದೆ. ಟ್ಯಾಂಕ್ ತುಂಬಿ ನೆಲದ ಮೇಲೆಲ್ಲ ಆಯಿಲ್. ಅವನು ನಕ್ಕ, ನಾನೂ ನಕ್ಕೆ. ಆದರೆ ನೋಡು, ಸದ್ದಿನಿಂದ ಕಿವಿ ಕೆಟ್ಟಾಗ ಮೊದಲು ಹೋಗುವುದು ಕೀಚಲು ಸದ್ದು, 4000 ಹರ್ಟ್ಸ್ ಆಸುಪಾಸಿನದು. ಸ, ಶ, ತ, ಕ ಇವೆಲ್ಲ ಅಲ್ಲಿ ಹತ್ತಿರದಲ್ಲೇ ಇರುವವು. ಸ್ವರ ಚೆನ್ನಾಗಿ ಕೇಳುತ್ತದೆ, ವ್ಯಂಜನ ಉದುರಿಹೋಗುತ್ತದೆ. ಅದಕ್ಕೇ ನಾನು ಕಿವುಡ ಅಂತ ನನಗೇ ಬಹಳ ವರ್ಷ ಗೊತ್ತಾಗಲಿಲ್ಲ. ಎಲ್ಲರೂ ಯಾಕೆ ಇಷ್ಟು ಗೊಣಗಿಕೊಂಡು ಮಾತಾಡುತ್ತಾರೆ ಅಂತ ಸಿಟ್ಟು ಮಾಡಿಕೊಳ್ಳುತ್ತಿದ್ದೆ. ಕಿವಿಯೊಳಗಿನ ಆ ಸಣ್ಣ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಪಿಸ್ಟನ್ ಹೋದರೆ ಬೇರೆ ಹಾಕಬಹುದು.

ಪಿಸ್ಟನ್ ಅಂದಾಗ ನೆನಪಾಯಿತು. ಯಾವ ಪೈಪ್ ಹಾಕಿದರೂ ಕಾರ್ಬ್ಯುರೇಟರಿನ ಮೇನ್ ಜೆಟ್, ಪೆಟ್ರೋಲ್ ಬರುವ ಆ ಸಣ್ಣ ತೂತು, ಮತ್ತೆ ನೋಡಲೇಬೇಕು. ಉಸಿರಾಟ ಸುಲಭವಾದರೆ ಗಾಳಿಗೆ ಪೆಟ್ರೋಲ್ ಸಾಲದೆ ಮಿಶ್ರಣ ತೆಳುವಾಗುತ್ತದೆ. ಮೊದಲು ದೊಡ್ಡ ಜೆಟ್ ಹಾಕು, ಆಮೇಲೆ ಒಂದೊಂದೇ ನಂಬರ್ ಇಳಿಸು. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಎಂಜಿನ್ ಆಫ್ ಮಾಡಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡು. ತಿಳಿ ಕಂದು ಇದ್ದರೆ ಸರಿ. ಬೆಳ್ಳಗೆ ಸುಣ್ಣದ ಹಾಗಿದ್ದರೆ ಓಡಿಸಬೇಡ. ಪಿಂಗಾಣಿಯ ಮೇಲೆ ಬೆಳ್ಳಿ ಚುಕ್ಕೆ ಕಂಡರೆ ಅದು ನಿನ್ನ ಪಿಸ್ಟನ್ನೇ ಕರಗಿ ಬಂದದ್ದು. ಎಂಜಿನ್ ಹೆಡ್ ಹತ್ತಿರ ಪೈಪ್ ಸೇರುವ ಜಾಯಿಂಟ್‌ನಲ್ಲಿ ಗಾಳಿ ಸೋರದ ಹಾಗೆ ನೋಡಿಕೋ, ಸೋರಿದರೆ ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಸಿಡಿಯುತ್ತದೆ, ನೀನು ಸುಮ್ನೆ ಜೆಟ್ ಮೇಲೆ ಅನುಮಾನ ಪಡುತ್ತೀಯ. ಇದೆಲ್ಲ ನಿನಗೆ ಗೊತ್ತಿರಬಹುದು. ಗೊತ್ತಿದ್ದರೆ ಬಿಟ್ಟು ಓದು.

ಈ ಜೆಟ್ ವಿಷಯಕ್ಕೇ ಹೇಳಬೇಕಾದದ್ದು ಒಂದಿದೆ. ನಿಮ್ಮಮ್ಮನ ಎಡಗಿವಿ ಬಗ್ಗೆ ನಾನು ಬರೆಯಬೇಕಾಗಿಲ್ಲ. ಯಾವ ಕಡೆ ಕೂತು ಮಾತಾಡಿಸಬೇಕು ಅಂತ ನೀವೆಲ್ಲ ಚಿಕ್ಕಂದಿನಿಂದ ಕಲಿತಿದ್ದೀರಿ. ಆದರೆ ಆ ದಿನದ ಮಾತು ನಾನು ಯಾರಿಗೂ ಹೇಳಿಲ್ಲ.

ಆ ಅಮಲ್ ಜಿಪಿ ಕಾರ್ಬ್ಯುರೇಟರ್ ಗೊತ್ತಲ್ಲ, ಐಡ್ಲಿಂಗ್ ಅನ್ನುವುದೇ ಇಲ್ಲ. ಆಕ್ಸಿಲರೇಟರ್ ಬಿಟ್ಟರೆ ನಿಂತೇ ಹೋಗುತ್ತದೆ. ಯಾರಾದರೂ ಹಿಡಿದು ತಿರುವುತ್ತಾ ಇರಬೇಕು. ನಾನು ಬೈಕಿನ ಎಡಗಡೆ ನೆಲದ ಮೇಲೆ ಕೂತು ಕಾರ್ಬ್ಯುರೇಟರ್ ನೋಡುತ್ತಿದ್ದೆ. ನನ್ನ ತಂಗಿ ಬಲಗಡೆ, ಸೀಟಿನ ಪಕ್ಕ ನಿಂತು, ಕೈ ಚಾಚಿ ಆಕ್ಸಿಲರೇಟರ್ ಹಿಡಿದಿದ್ದಳು. ಅವಳಿಗೆ ಆಗ 16. ಪೈಪೂ ಅದೇ ಬಲಗಡೆ, ಹೊಸ ಓಪನ್ ಮೆಗಾಫೋನ್. ಬಲಗಡೆ ನಿಂತು ಬೈಕಿನ ಕಡೆ ಮುಖ ಮಾಡಿದರೆ ಹಿಂದಿನ ಚಕ್ರ ಯಾವ ಕಡೆಗೆ ಬರುತ್ತದೆ, ನೀನೇ ನಿಂತು ನೋಡು. ಎಡಗಡೆಗೆ. ಪೈಪಿನ ಬಾಯಿಗೂ ಅವಳ ಕಿವಿಗೂ ಒಂದು ಮೀಟರ್ ಇದ್ದರೆ ಹೆಚ್ಚು. "ಇನ್ನೂ ಜಾಸ್ತಿ, ಇನ್ನೂ ಜಾಸ್ತಿ" ಅಂತ ನಾನು ಕೈ ಸನ್ನೆ ಮಾಡುತ್ತಿದ್ದೆ. ಅವಳು ಮುಖ ಕಿವುಚಿಕೊಂಡು, ಒಂದು ಭುಜ ಎತ್ತಿ ಕಿವಿಗೆ ಒತ್ತಿಕೊಂಡು, ತಿರುವುತ್ತಿದ್ದಳು. ಒಂದು ಕೈ ಆಕ್ಸಿಲರೇಟರ್ ಮೇಲೆ, ಇನ್ನೊಂದು ಕೈಯಲ್ಲಿ ನನ್ನ ಜೆಟ್ ಡಬ್ಬಿ. ಕಿವಿ ಮುಚ್ಚಿಕೊಳ್ಳಲು ಮೂರನೇ ಕೈ ಇರಲಿಲ್ಲ. ಡಬ್ಬಿ ಕೆಳಗಿಡು ಅಂತ ನಾನು ಹೇಳಬಹುದಿತ್ತು.

ರಾತ್ರಿ ಅವಳೂ ನಿನ್ನ ಹಾಗೇ ಕೇಳಿದಳು. ಗುಂಯ್ ಅನ್ನುತ್ತೆ ಕಣೋ, ನಿನಗೂ ಅನ್ನುತ್ತಾ ಅಂತ. ಅನ್ನುತ್ತೆ, ಬೆಳಿಗ್ಗೆ ಹೋಗುತ್ತೆ ಮಲಗು ಅಂದೆ. ಅವಳ ಕಿವಿ ಮಂದವಾದದ್ದು ಆಮೇಲೆ ಎಷ್ಟೋ ವರ್ಷಕ್ಕೆ. ಡಾಕ್ಟರು ಬೇರೆ ಬೇರೆ ಕಾರಣ ಹೇಳಿದರು. ಇರಬಹುದು. ಅವಳು ಒಂದು ದಿನವೂ ನನ್ನನ್ನು ಅಂದಿಲ್ಲ. ಆ ದಿನ ನಿನಗೆ ನೆನಪಿದೆಯಾ ಅಂತ ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ. ನಿನ್ನ ಪತ್ರದ ಅಂಚಿನಲ್ಲಿ ಅದೇ ಪ್ರಶ್ನೆ ನೋಡಿದಾಗ ನನಗೆ ಏನಾಗಿರಬೇಕು ಹೇಳು.

ಇರಲಿ. ಡೆಸಿಬೆಲ್ ವಿಷಯ ಬರೆದಿದ್ದೀಯ, ಟ್ರ್ಯಾಕಿನಲ್ಲಿ 105 ದಾಟಬಾರದಂತೆ ಅಂತ. ಪೈಪಿನ ತುದಿಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಓರೆಯಲ್ಲಿ ಮೈಕ್ ಇಟ್ಟು ಅಳೆಯುತ್ತಾರೆ. ಪಿಸ್ಟನ್ ಸರಾಸರಿ ಸೆಕೆಂಡಿಗೆ 11 ಮೀಟರ್ ಓಡುವ ಆರ್‌ಪಿಎಂನಲ್ಲಿ ಅಳೆಯುವ ಸೂತ್ರ ಹಿಡಿದರೆ, ನಿನ್ನ 88 ಮಿ.ಮೀ. ಸ್ಟ್ರೋಕಿಗೆ, ಅಂದರೆ ಪಿಸ್ಟನ್ ಒಂದು ಸಲ ಓಡುವ ದೂರಕ್ಕೆ, ಅದು 3750 ಆರ್‌ಪಿಎಂ ಆಗುತ್ತದೆ. ಅಂದರೆ ರೇಸಿನಲ್ಲಿ ನೀನು ತಿರುವುವುದಕ್ಕಿಂತ ಎಷ್ಟೋ ಕೆಳಗೆ. ಅಲ್ಲಿ ಪಾಸಾದರೆ ಮುಗಿಯಿತು ಅಂದುಕೊಳ್ಳಬೇಡ. ಅದು ಅವರ ರೂಲು, ನಿನ್ನ ಕಿವಿಯದಲ್ಲ. ಕಿವಿಯ ಲೆಕ್ಕ ಬೇರೆ ಇದೆ. 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ ತಡೆಯಬಹುದು, ಪ್ರತಿ 3 ಏರಿದರೆ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2. ಹಾಗೇ ಹೋದರೆ 100ಕ್ಕೆ ಬರೀ 15 ನಿಮಿಷ. ಇದು ಕಾರ್ಖಾನೆ ಕೆಲಸಗಾರರಿಗೆ ಅಂತ ಮಾಡಿದ ಲೆಕ್ಕ. ಆ ಮೈಕ್ ಇಡುವ ಜಾಗದಿಂದ ನಿಮ್ಮಮ್ಮ ಒಂದು ಹೆಜ್ಜೆ ಆಚೆ ನಿಂತಿದ್ದಳು ಅಷ್ಟೇ.

ಹಾಗಂತ ಸೈಲೆನ್ಸರ್ ಹಾಕಿದರೆ ನಿನ್ನ ಗುಂಯ್ ನಿಲ್ಲುತ್ತದೆ ಅಂತಲೂ ಹೇಳಲಾರೆ, ನೋಡು. ಪೈಪಿನ ಬಾಯಿ ನಿನ್ನ ಹಿಂದೆ ಇರುತ್ತದೆ. ವೇಗ ಏರಿದ ಮೇಲೆ ಹೆಲ್ಮೆಟ್ ಸುತ್ತ ಗಾಳಿಯದೇ ಸದ್ದು ಜಾಸ್ತಿ. 100 ಕಿ.ಮೀ. ವೇಗಕ್ಕೆ ಹೆಲ್ಮೆಟ್ ಒಳಗೆ 95, 100 ಡೆಸಿಬೆಲ್ ಹತ್ತಿರ ಹೋಗುತ್ತದೆ, ಸೈಲೆನ್ಸರ್ ಯಾವುದೇ ಇರಲಿ. ಅದಕ್ಕೇ ಇಯರ್‌ಪ್ಲಗ್ ಇಲ್ಲದೆ ಹತ್ತಬೇಡ. ಸ್ಪಂಜಿನದಾದರೆ ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು, ಒಳಗೆ ಹಾಕಿ, ಅದು ಹಿಗ್ಗುವವರೆಗೆ ಬೆರಳು ಒತ್ತಿ ಹಿಡಿ. ಅರ್ಧ ಹೊರಗೆ ನೇತಾಡುತ್ತಿದ್ದರೆ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಎಂಜಿನ್ ಸದ್ದು ಕೇಳದೆ ಗೇರ್ ಹಾಕುವುದು ಹೇಗೆ ಅಂತ ನಾನೂ ವಾದ ಮಾಡುತ್ತಿದ್ದೆ. ಕೇಳುತ್ತದೆ ಕಣೇ. ಗಾಳಿ ಸದ್ದು ಅಡಗಿ ಎಂಜಿನ್ ಇನ್ನೂ ಬಿಡಿಸಿ ಕೇಳುತ್ತದೆ.

ಸೈಲೆನ್ಸರ್ ಹಾಕು ಅನ್ನುವುದು ನಿನ್ನ ಹಿಂದೆ, ಪಕ್ಕ ನಿಂತವರಿಗೆ. ನಿನ್ನ ಬೈಕ್ ತಳ್ಳಿ ಸ್ಟಾರ್ಟ್ ಮಾಡಿಸುವ ಹುಡುಗ ಯಾರೋ ಇದ್ದಾನಂತಲ್ಲ. ಅವನ ಕಿವಿಗೂ ಎರಡು ಪ್ಲಗ್ ಕೊಡು. ನಿಲ್ಲಿಸಿ ರೆವ್ ಮಾಡುವಾಗ ಬಲಗಡೆ ಯಾರನ್ನೂ ನಿಲ್ಲಿಸಬೇಡ.

ನನ್ನ ಮಾತು ಕೇಳುವುದಾದರೆ, ರಿವರ್ಸ್ ಕೋನ್ ಇರುವ ಮೆಗಾಫೋನ್, ಒಳಗೆ ತೂತಿನ ಕೊಳವೆ, ಅದರ ಸುತ್ತ ಗ್ಲಾಸ್ ವೂಲ್. ವೂಲ್ ಸುಟ್ಟು ಉದುರಿಹೋಗುತ್ತದೆ, ಆಗಾಗ ಬದಲಾಯಿಸಬೇಕು, ಅದಕ್ಕೆ ತುದಿ ಬಿಚ್ಚುವ ಹಾಗಿರಲಿ. ಹಳೇ ಸೈಲೆನ್ಸರಿನ ಆ ಚಿಲಿಪಿಲಿ, ಆಕ್ಸಿಲರೇಟರ್ ಬಿಟ್ಟಾಗ ಹಕ್ಕಿ ಕೂಗಿದ ಹಾಗೆ ಬರುತ್ತಲ್ಲ, ಅದು ನನಗೆ ಇಷ್ಟ. ಆದರೆ ಅದು ಇಷ್ಟ ಅನ್ನುವುದು ಸೈಲೆನ್ಸರ್ ಆರಿಸಲು ಕಾರಣ ಅಲ್ಲ, ಅಲ್ವಾ. ಈಗ ಹೇಗೂ ಆ ಚಿಲಿಪಿಲಿ ನನಗೆ ಕೇಳುವುದಿಲ್ಲ.

ಲೋಹದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡ. ಮೈಲ್ಡ್ ಸ್ಟೀಲ್ ಒಳಗಿಂದ ತುಕ್ಕು ಹಿಡಿಯುತ್ತದೆ. ಪೆಟ್ರೋಲ್ ಉರಿದರೆ ನೀರೂ ಹುಟ್ಟುತ್ತದೆ, ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಅದು ಒಳಗೇ ಉಳಿಯುತ್ತದೆ. ಸ್ಟೇನ್‌ಲೆಸ್ ನೀಲಿ ತಿರುಗುತ್ತದೆ, ತುಕ್ಕು ಅಷ್ಟಾಗಿ ಇಲ್ಲ. ಎರಡೂ ಬಿರುಕು ಬಿಡುವುದು ಬ್ರಾಕೆಟ್ಟಿನ ವೆಲ್ಡಿಂಗ್ ಪಕ್ಕದಲ್ಲೇ. ಒಂಟಿ ಸಿಲಿಂಡರಿನ ನಡುಕ ಅಂಥದ್ದು. ಹಿಂದಿನ ಬ್ರಾಕೆಟ್ಟಿಗೆ ರಬ್ಬರ್ ಇರಲಿ, ಪೈಪನ್ನು ಎಳೆದು ಬಗ್ಗಿಸಿ ಬೋಲ್ಟ್ ಹಾಕಬೇಡ, ಎಳೆಯದೆ ತೂತಿಗೆ ತೂತು ಕೂರಬೇಕು. ನನ್ನ ಮೆಗಾಫೋನ್ ಒಮ್ಮೆ ತಿರುವಿನಲ್ಲೇ ಕಳಚಿ ಬಿತ್ತು. ಹಿಂದಿನವನು ಹೇಗೋ ತಪ್ಪಿಸಿಕೊಂಡ. ಆಗಲೂ ನನಗೆ ಬೇಸರವಾದದ್ದು ಮೆಗಾಫೋನ್ ನುಗ್ಗಾಯಿತಲ್ಲ ಅಂತ!

ಪೈಪಿನ ಆಕಾರಕ್ಕೆ ಮನುಷ್ಯ ಏನೆಲ್ಲ ಮಾಡುತ್ತಾನೆ ನೋಡು. ಪೂರ್ವ ಜರ್ಮನಿಯ ಬೈಕ್ ಕಂಪನಿ ಎಂಜ಼ೆಡ್‌ನ ಎಂಜಿನಿಯರ್ ವಾಲ್ಟರ್ ಕಾಡೆನ್ ಟೂ ಸ್ಟ್ರೋಕಿಗೆ ಹೊಟ್ಟೆ ಉಬ್ಬಿದ ಪೈಪ್ ಪಳಗಿಸಿ 125 ಸಿಸಿಯಿಂದ 25 ಕುದುರೆಶಕ್ತಿ ಎಳೆದ. 1961ರಲ್ಲಿ ಅವನ ರೈಡರ್ ಡೆಗ್ನರ್ ಪೂರ್ವ ಜರ್ಮನಿ ಬಿಟ್ಟು ಆ ವಿದ್ಯೆಯನ್ನು ಸುಜ಼ುಕಿಗೆ ಒಯ್ದ, ಮರುವರ್ಷವೇ 50 ಸಿಸಿಯಲ್ಲಿ ವಿಶ್ವ ಚಾಂಪಿಯನ್. ಇದನ್ನು ನಾನು ನಿಮ್ಮಮ್ಮನಿಗೂ ಹೇಳುತ್ತಿದ್ದೆ, ಬೈಕಿನ ಪಕ್ಕ ನಿಲ್ಲಿಸಿಕೊಂಡು. ಅವಳಿಗೆ ಬೇಜಾರು. ಆದರೂ ನಿಂತು ಕೇಳುತ್ತಿದ್ದಳು.

ಒಂದು ಕೆಲಸ ಮಾಡು. ಮುಂದಿನ ಓಟದ ಮೊದಲು ಕಿವಿ ಪರೀಕ್ಷೆ ಮಾಡಿಸು, ಆ ಗ್ರಾಫ್ ಕಾಗದ ಜೋಪಾನವಾಗಿ ಇಟ್ಟುಕೋ. ಇವತ್ತು ರಾತ್ರಿ ಫ್ಯಾನ್ ಆಫ್ ಮಾಡಿ, ಒಂದು ಕಿವಿ ಮುಚ್ಚಿ ಒಂದರಲ್ಲಿ ಕೇಳು, ಆಮೇಲೆ ಇನ್ನೊಂದರಲ್ಲಿ. ಗುಂಯ್ ಎಡಗಡೆಯಾ ಬಲಗಡೆಯಾ ನನಗೆ ತಿಳಿಸು. ಫೋನ್ ಮಾಡಬೇಡ, ಅರ್ಧ ಮಾತು ತಪ್ಪಿಹೋಗುತ್ತದೆ. ಬರೆ. ಅಂಚಿನಲ್ಲಿ ಬೇಡ, ಮೊದಲನೇ ಸಾಲಲ್ಲೇ ಬರೆ.

ಇಂತಿ,
ನಿನ್ನ ಮಾವ